ಕಣ್ಣು ಮೊದಲು ಬಿಡಿಸುವವಳು

ಜನವರಿ 9

ಅಪ್ಪ,

ಈ ಡಬ್ಬಿಯನ್ನು ಅಂಗಡಿಯಲ್ಲಿ ಬಿಚ್ಚಬೇಡ. ಹಿಂದಿನ ಕೋಣೆಗೆ ಒಯ್ದು, ಬಾಗಿಲು ಹಾಕಿಕೊಂಡು ಬಿಚ್ಚು. ಪ್ರತಿ ಸಲ ಇದನ್ನೇ ಬರೆಯುತ್ತೇನೆ, ಪ್ರತಿ ಸಲ ನೀನು ‘ಆಯ್ತು ತಾಯಿ, ಆಯ್ತು’ ಎಂದು ಉತ್ತರ ಬರೆಯುತ್ತೀಯ. ನಿನ್ನ ಆ ಎರಡು ‘ಆಯ್ತು’ಗಳ ಮೇಲೆ ನನಗೆ ಸ್ವಲ್ಪವೂ ನಂಬಿಕೆಯಿಲ್ಲ.

ನೀನು ಎರಕ ಹೊಯ್ದು ಕಳಿಸಿದ್ದ ತವರದ ಪುಟ್ಟ ಸವಾರ ಗೊಂಬೆಗಳಲ್ಲಿ ಮೂವರಿಗೆ ಬಣ್ಣ ಮುಗಿದಿದೆ. ಇಬ್ಬರು ಪರವಾಗಿಲ್ಲ ಅನ್ನಬಹುದು. ಮೂರನೆಯವನು ಬಿಳಿ ಕುದುರೆಯ ನೈಟ್, ಹಳೇ ಕಾಲದ ಕವಚಧಾರಿ ಯೋಧ. ಹೆಬ್ಬೆರಳಿಗಿಂತ ತುಸು ಎತ್ತರದ ಈ ಮನುಷ್ಯ ನನ್ನ ಏಳು ಭಾನುವಾರಗಳನ್ನು ತಿಂದಿದ್ದಾನೆ. ಕುದುರೆಯ ಮೈಗೆ ಹೊದಿಸಿದ ನೀಲಿ ಬಟ್ಟೆಯ ಜೂಲಿನಲ್ಲಿ ಹನ್ನೊಂದು ಸಿಂಹಗಳಿವೆ, ಒಂದೊಂದಕ್ಕೂ ನಾಲಿಗೆಯಿದೆ. ಭೂತಗನ್ನಡಿ ಹಿಡಿದು ನೋಡು. ಇಷ್ಟು ಚೆನ್ನಾಗಿ ಮಾಡಬಾರದಿತ್ತು. ಕೈ ಕೇಳಲಿಲ್ಲ.

ಮೂವರನ್ನೂ ಅಂಚೆಯಲ್ಲಿ ದೂರದ ಗಿರಾಕಿಗಳಿಗೇ ಕಳಿಸು. ನಮ್ಮ ಊರಿನ ಸಂಗ್ರಹಕಾರರ ಕೈಗೆ ಒಂದೂ ಹೋಗಬಾರದು. ನನ್ನ ಗಂಡನ ವಿಷಯ ನಿನಗೆ ಹೊಸದಾಗಿ ಹೇಳಬೇಕೆ? ಎರಡು ವರ್ಷ ಹೊರಗಿನಿಂದ ಬೀಗ ಹಾಕಿ, ಗಾಜಿನ ಬೀರುಗಳ ಮಧ್ಯೆ ಕೂರಿಸಿ, ತನ್ನ ಸಂಗ್ರಹದ ಇನ್ನೂರು ಸವಾರರಿಗೆ ನನ್ನಿಂದ ಬಣ್ಣ ಹಾಕಿಸಿಕೊಂಡವನು. ನನ್ನ ಮುಖ ಮರೆತರೂ ನನ್ನ ಕೈಕೆಲಸ ಮರೆಯುವವನಲ್ಲ. ‘ಎಲ್ಲಿ ಹೋದ್ರೂ ಒಂದಲ್ಲ ಒಂದು ಕುದುರೆ ನಿನ್ನನ್ನ ತೋರಿಸಿಕೊಡುತ್ತೆ. ಆಮೇಲೆ ಆ ಕೈ ಉಳಿಯಲ್ಲ’ ಅಂದಿದ್ದ. ನಗುತ್ತಲೇ ಅಂದಿದ್ದ.

ಹಾಗಾದರೆ ಬಣ್ಣ ಹಾಕುವುದನ್ನೇ ಬಿಟ್ಟುಬಿಡು ಎಂದು ನೀನು ಹೇಳಬಹುದು. ಹಲ್ಲು ಕಟ್ಟುವ ಲ್ಯಾಬಿನ ಕೆಲಸದಿಂದ ಹೊಟ್ಟೆಯೇನೋ ತುಂಬುತ್ತದೆ. ಆದರೆ ಭಾನುವಾರ ಸವಾರರಿಲ್ಲದಿದ್ದರೆ ಈ ಬಾಡಿಗೆ ಕೋಣೆಯಲ್ಲಿ ಬಾಗಿಲನ್ನೇ ನೋಡುತ್ತ ಕೂರುತ್ತೇನೆ ಅಪ್ಪ. ಅದು ಇದಕ್ಕಿಂತ ಕೆಟ್ಟದ್ದು.

ಈ ವಾರ ಲ್ಯಾಬಿನಲ್ಲಿ ಒಬ್ಬ ಅಜ್ಜನ ಮುಂದಿನ ಎರಡು ಹಲ್ಲಿಗೆ ಬಣ್ಣ ಹೊಂದಿಸಿದೆ. ‘ಬೆಳ್ಳಗೆ ಬೇಡಮ್ಮ, ಸಿಗರೇಟು ಸೇದಿದ ಹಾಗೇ ಇರಲಿ. ಇಲ್ಲಾಂದ್ರೆ ನನ್ನ ಹೆಂಡ್ತಿ ಮನೆಯೊಳಗೆ ಸೇರಿಸಲ್ಲ’ ಅಂದರು. ಬಹಳ ದಿನದ ಮೇಲೆ ನಕ್ಕೆ.

ಎಂದಿನಂತೆ ಲ್ಯಾಬಿನ ವಿಳಾಸಕ್ಕೇ, ನನ್ನ ಈಗಿನ ಹೆಸರಿಗೇ ಬರೆ. ಫೋನ್ ಮಾತ್ರ ಬೇಡವೇ ಬೇಡ. ಹಿಂದಿನ ಊರಿನಲ್ಲಿ ಅವನು ನನ್ನನ್ನು ಪತ್ತೆ ಮಾಡಿದ್ದು ನಿನ್ನ ಅಂಗಡಿಯ ಫೋನಿನಿಂದಲೇ. ಕಾಗದ ಓದಿ ಸುಟ್ಟುಬಿಡು. ಡಬ್ಬಿಯನ್ನೂ ಸುಡು, ಅದರ ಮೇಲೆ ಲ್ಯಾಬಿನ ಚೀಟಿಯಿದೆ.

ನಿನ್ನ
ಗುಬ್ಬಿ

*

ಜನವರಿ 21

ಗುಬ್ಬಿ,

ಆಯ್ತು ತಾಯಿ, ಆಯ್ತು.

ಡಬ್ಬಿ ಬಂತು. ಹಿಂದಿನ ಕೋಣೆಯಲ್ಲೇ ಬಿಚ್ಚಿದೆ, ಚಿಲಕವನ್ನೂ ಹಾಕಿದ್ದೆ, ಸಾಕೇ? ಬಿಳಿ ಕುದುರೆಯವನನ್ನು ಹತ್ತಿಯಿಂದ ಎತ್ತಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನನ್ನ ಬಾಯಿಯ ವಿಷಯ ನಿನಗೆ ಗೊತ್ತು, ಅದು ಸುಮ್ಮನಿರುವುದೇ ದೊಡ್ಡ ಸುದ್ದಿ. ಐವತ್ತು ವರ್ಷದಿಂದ ಎರಕ ಹೊಯ್ಯುತ್ತಿದ್ದೇನೆ, ಬಣ್ಣ ಹಾಕುತ್ತಿದ್ದೇನೆ, ಊರೂರಿನ ಸಂಗ್ರಹಕಾರರ ಬೀರುಗಳಲ್ಲಿ ಇಣುಕಿದ್ದೇನೆ. ಇಂಥ ಕುದುರೆ ನೋಡಿಲ್ಲ. ಅದರ ಕಣ್ಣು ಒದ್ದೆಯಾಗಿದೆ ಗುಬ್ಬಿ. ಬಣ್ಣ ಇನ್ನೂ ಹಸಿಯೇನೋ ಎಂದು ಬೆರಳಿಟ್ಟೇ ನೋಡಿಬಿಟ್ಟೆ. ಒಣಗಿತ್ತು. ಹೇಗೆ ಮಾಡಿದೆ? ನಾನು ಕಲಿಸಿದ್ದು ಇಷ್ಟಲ್ಲ.

ಮೂವರೂ ಒಳ್ಳೆಯ ಮನೆ ಸೇರಿದ್ದಾರೆ. ಚಿಂತೆ ಮಾಡಬೇಡ. ಅವನು ಈ ಕಡೆ ತಲೆ ಹಾಕಿ ಒಂದೂವರೆ ವರ್ಷವಾಯಿತು. ಮರೆತಿರಲೂಬಹುದು. ಮನುಷ್ಯರು ಮರೆಯುತ್ತಾರೆ.

ನನ್ನ ಮಂಡಿ ಎಂದಿನಂತೆ ಮಳೆ ಬರುವುದನ್ನು ರೇಡಿಯೋಗಿಂತ ಮೊದಲೇ ಹೇಳುತ್ತಿದೆ. ಹೊಟ್ಟೆಗೆ ಸರಿಯಾಗಿ ತಿನ್ನು. ಬರಿಯ ಬ್ರೆಡ್ಡಿನಲ್ಲಿ ದಿನ ದೂಡಬೇಡ.

ನಿನ್ನ
ಅಪ್ಪ

*

ಫೆಬ್ರವರಿ 4

ಅಪ್ಪ,

‘ಒಳ್ಳೆಯ ಮನೆ’ ಎಂದರೆ ಯಾವ ಮನೆ?

ನೀನು ಯಾವಾಗಲೂ ಗಿರಾಕಿಯ ಊರು, ಅವನು ಚೌಕಾಸಿ ಮಾಡಿದ ರೀತಿ, ಅವನ ಕಾಗದದಲ್ಲಿದ್ದ ತಪ್ಪುಗಳು ಎಲ್ಲವನ್ನೂ ಬರೆಯುವವನು. ಈ ಸಲ ಒಂದೇ ಸಾಲು. ಅದನ್ನು ಎಷ್ಟು ಸಲ ಓದಿದೆನೋ.

ಅವನು ಮರೆಯುವವನಲ್ಲ. ನಿನ್ನೆ ಬೇಕರಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಹಿಂದಿನಿಂದ ಅವನು ಹಚ್ಚುವ ಸೆಂಟಿನ ವಾಸನೆ ಬಂತು. ಸಾಲು ಬಿಟ್ಟು ಓಡಿದೆ, ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಬೀದಿಯ ತುದಿಗೆ ಹೋಗಿ ತಿರುಗಿ ನೋಡಿದರೆ ಯಾರೋ ಕಾಲೇಜು ಹುಡುಗ, ಗಾಬರಿಯಿಂದ ನನ್ನನ್ನೇ ನೋಡುತ್ತಿದ್ದ. ಮೂರು ವರ್ಷವಾಯಿತು ನಾನು ಆ ಮನೆ ಬಿಟ್ಟು. ಇನ್ನೂ ಹೀಗೆಯೇ ಇದ್ದೇನೆ. ಲ್ಯಾಬಿನಲ್ಲೂ ಬಾಗಿಲಿಗೆ ಎದುರಾಗಿ ಮೇಜು ಹಾಕಿಸಿಕೊಂಡಿದ್ದೇನೆ. ಬೆಳಕು ಸಾಲುವುದಿಲ್ಲವೆಂದು ಎಲ್ಲರೂ ಬೈಯುತ್ತಾರೆ. ಯಾಕೆಂದು ಯಾರಿಗೂ ಹೇಳಿಲ್ಲ.

ಬಿಳಿ ಕುದುರೆ ಎಲ್ಲಿದೆ? ನಿಜ ಹೇಳು.

ಗುಬ್ಬಿ

*

ಫೆಬ್ರವರಿ 19, ಗುರುವಾರ

ಗುಬ್ಬಿ,

ಇದನ್ನು ಕೂತು ಓದು.

ಬಿಳಿ ಕುದುರೆ ದೂರ ಹೋಗಲಿಲ್ಲ. ಮೂರು ದಿನ ಅದನ್ನು ಅಂಗಡಿಯ ಕೆಲಸದ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ನೋಡುವುದಕ್ಕೆ, ಅಷ್ಟೇ. ನಿನ್ನನ್ನಂತೂ ನೋಡುವ ಹಾಗಿಲ್ಲ. ನಮ್ಮ ಕಣ್ಣಿನ ಡಾಕ್ಟರು ತಮ್ಮ ಸವಾರನ ಮುರಿದ ಈಟಿಗೆ ಬೆಸುಗೆ ಹಾಕಿಸಲು ಬಂದರು, ಕಂಡುಬಿಟ್ಟರು. ಮಾರುವುದಿಲ್ಲ ಎಂದೆ. ನಾಲ್ಕು ದಿನ ಬೆನ್ನು ಬಿಡಲಿಲ್ಲ. ‘ಇದು ಯಾರ ಕೈಕೆಲಸ? ಅವರ ವಿಳಾಸನಾದ್ರೂ ಕೊಡಿ’ ಎಂದು ಬೇರೆ ಗಿರಾಕಿಗಳ ಎದುರಿಗೆಲ್ಲ ಕೇಳತೊಡಗಿದರು. ಬಾಯಿ ಮುಚ್ಚಿಸಿದರೆ ಸಾಕೆಂದು ‘ನಾನೇ ಮಾಡಿದ್ದು, ತಗೊಂಡು ಹೋಗಿ’ ಎಂದು ಕೊಟ್ಟುಬಿಟ್ಟೆ. ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ. ಅವರು ಅದನ್ನು ಸಂಗ್ರಹಕಾರರ ಸಂಘದ ವಾರ್ಷಿಕ ಪ್ರದರ್ಶನದಲ್ಲಿ ಇಟ್ಟರು. ಮೊದಲ ಬಹುಮಾನ ಬಂತು. ಬಂದ ಜನವೆಲ್ಲ ಅದರ ಮುಂದೆಯೇ ಗುಂಪು ಕಟ್ಟಿದ್ದರಂತೆ.

ಅವನೂ ಹೋಗಿದ್ದ. ಇವತ್ತು ಬೆಳಗ್ಗೆ ಅಂಗಡಿಗೆ ಬಂದ.

ಅದೇ ಬೆಣ್ಣೆಯಂಥ ಮಾತು. ‘ಚೆನ್ನಾಗಿದೀರಾ ಮಾವ? ಮಂಡಿ ಹೇಗಿದೆ?’ ಎಂದ. ಕೈಯಲ್ಲಿ ಹಣ್ಣಿನ ಚೀಲ ಬೇರೆ. ‘ಡಾಕ್ಟರ ಬಿಳಿ ಕುದುರೆ ನೀವೇ ಮಾಡಿದ್ದಂತೆ. ಈ ವಯಸ್ಸಲ್ಲಿ!’

‘ಏನೋಪ್ಪ, ಕೈ ಓಡಿತು’ ಎಂದೆ.

‘ನನಗೂ ಒಂದು ಮಾಡಿಕೊಡಿ. ಅಂಥದ್ದೇ. ನೀವು ಮಾಡೋದನ್ನ ಪಕ್ಕದಲ್ಲಿ ಕೂತು ನೋಡಬೇಕು ಅಂತ ಆಸೆ. ಮುಂದಿನ ಗುರುವಾರ ಬರ್ತೀನಿ’ ಎಂದ.

ಏನೆನ್ನಲಿ? ಬೇಡವೆಂದರೆ, ಅದನ್ನು ಮಾಡಿದ್ದು ನಾನಲ್ಲ ಎಂದು ಒಪ್ಪಿಕೊಂಡ ಹಾಗೆ. ಆಗಲಿ ಎಂದೆ. ಅವನು ಹೋದ ಮೇಲೆ ಹಣ್ಣಿನ ಚೀಲವನ್ನು ಮುಟ್ಟಲೂ ಹೆದರಿಕೆಯಾಯಿತು. ಇನ್ನೂ ಅಲ್ಲೇ ಬಿದ್ದಿದೆ.

ನನ್ನನ್ನು ಎಷ್ಟು ಬೇಕಾದರೂ ಬೈಯಿ. ಆದರೆ ಒಂದು ವಾರವಿದೆ. ಅಭ್ಯಾಸಕ್ಕೆ ಕೂತಿದ್ದೇನೆ. ಸಿಂಹಗಳೆಲ್ಲ ಬೆಕ್ಕಿನ ಮರಿಗಳಾಗುತ್ತಿವೆ. ಪರವಾಗಿಲ್ಲ, ನೀನು ಕಲಿತದ್ದು ನನ್ನ ಕೈಯಿಂದಲೇ ತಾನೆ? ಅವನೆದುರು ಮಾಡಿ ತೋರಿಸುತ್ತೇನೆ.

ಅಪ್ಪ

*

ಫೆಬ್ರವರಿ 23, ಸೋಮವಾರ

ಅಪ್ಪ,

ಇದನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಬುಧವಾರ ಸಿಗುತ್ತದೆ ಎಂದಿದ್ದಾರೆ. ಬೈಯಲು ಈಗ ಪುರುಸೊತ್ತಿಲ್ಲ, ಆಮೇಲೆ ಬೈಯುತ್ತೇನೆ.

ಕಣ್ಣು ಮೊದಲು ಬಿಡಿಸಬೇಕು. ಕೇಳಿಸಿತೇ? ಎಲ್ಲಕ್ಕಿಂತ ಮೊದಲು ಕಣ್ಣು.

ಬಣ್ಣ ಹಾಕುವವರೆಲ್ಲ ಕುದುರೆಯ ಮೈ, ಜೂಲು, ಸವಾರನ ಕವಚ ಎಲ್ಲ ಮುಗಿಸಿ ಕೊನೆಗೆ ಕಣ್ಣಿಗೆ ಚುಕ್ಕೆ ಇಡುತ್ತಾರೆ. ನೀನೂ ಹಾಗೇ ಕಲಿಸಿದೆ. ಒಂಬತ್ತು ವರ್ಷದವಳಿದ್ದಾಗ ನಾನು ಕಣ್ಣು ಮೊದಲು ಬಿಡಿಸಿದ್ದಕ್ಕೆ ನೀನು ಬ್ರಷ್ಷಿನ ಹಿಡಿಯಿಂದ ಗೆಣ್ಣಿಗೆ ಹೊಡೆದಿದ್ದೆ. ಅವತ್ತಿನಿಂದ ನಿನ್ನ ಎದುರಿಗೆ ಬಿಟ್ಟೆ, ನೀನಿಲ್ಲದಾಗ ಬಿಡಲಿಲ್ಲ. ತಳದ ಬಿಳಿ ಒಣಗಿದ ಕೂಡಲೇ ಕಣ್ಣು ಬಿಡಿಸು. ಅದು ಒಣಗಲಿ. ಆಮೇಲೆ ರೆಪ್ಪೆಯ ಬಣ್ಣ ಕಣ್ಣಿನ ಅಂಚನ್ನು ಒಂದು ಕೂದಲೆಳೆಯಷ್ಟು ಮುಚ್ಚಬೇಕು. ಆಗ ಕಣ್ಣು ಒಳಗೆ ಕೂರುತ್ತದೆ. ನಿನಗೆ ಒದ್ದೆಯಾಗಿ ಕಂಡದ್ದು ಅದಕ್ಕೇ.

ಅವನಿಗೆ ಇದು ಗೊತ್ತು. ಎರಡು ವರ್ಷ ನನ್ನ ಬೆನ್ನ ಹಿಂದೆ ನಿಂತು ನೋಡಿದ್ದಾನೆ. ಅವನು ನೋಡಲು ಬರುತ್ತಿರುವುದು ನಿನ್ನ ಸಿಂಹಗಳನ್ನಲ್ಲ. ನೀನು ಎಲ್ಲಿಂದ ಶುರುಮಾಡುತ್ತೀ ಎಂಬುದನ್ನು.

ಫೋನ್ ಮಾಡಿಬಿಡಲೇ ಎಂದು ಮೂರು ಸಲ ಬೂತಿನವರೆಗೆ ಹೋಗಿ ವಾಪಸು ಬಂದೆ. ನಿನ್ನ ಬದಲು ಅವನೇ ಎತ್ತಿದರೆ?

ಕಣ್ಣು ಮೊದಲು ಅಪ್ಪ.

ಗುಬ್ಬಿ

*

ಫೆಬ್ರವರಿ 26, ಗುರುವಾರ

ಗುಬ್ಬಿ,

ಹೊರಡು. ಉಳಿದದ್ದನ್ನು ಬಸ್ಸಿನಲ್ಲಿ ಕೂತು ಓದು.

ನಿನ್ನ ಕಾಗದ ನನ್ನ ಕೈಗೆ ಬಂದದ್ದು ಇವತ್ತು ಮಧ್ಯಾಹ್ನ, ಅವನು ಎದ್ದುಹೋದ ಅರ್ಧ ಗಂಟೆಗೆ.

ಹತ್ತು ಗಂಟೆಗೆ ಬಂದ. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತ. ನಾನು ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದುಕೊಂಡೆ. ಕೈ ನಡುಗಲಿಲ್ಲ ಗುಬ್ಬಿ. ನಾನು ಹೆದರಿದ್ದೆಲ್ಲ ಅದಕ್ಕೇ, ಕೈ ನಡುಗಿ ಸಿಕ್ಕಿಬೀಳುತ್ತೇನೆಂದು. ನಡುಗಲಿಲ್ಲವಲ್ಲ, ಗೆದ್ದೆ ಎಂದುಕೊಂಡೆ. ಕುದುರೆಯ ಹೊಟ್ಟೆಯ ಕೆಳಗಿನಿಂದ ತೆಳ್ಳಗೆ ಬೂದು ಬಣ್ಣ ಹಚ್ಚುತ್ತ ಬಂದೆ, ಐವತ್ತು ವರ್ಷದಿಂದ ಹಚ್ಚುತ್ತಿರುವ ಹಾಗೆ. ಕುತ್ತಿಗೆ ಮುಗಿಸಿದೆ. ಜೂಲಿಗೆ ನೀಲಿ ಕಲಸಿದೆ.

‘ಕಣ್ಣು?’ ಎಂದ.

‘ಕಣ್ಣು ಕೊನೆಗಪ್ಪ, ಎಲ್ಲ ಆದ ಮೇಲೆ’ ಎಂದೆ. ಎಷ್ಟು ಧೈರ್ಯವಾಗಿ ಹೇಳಿದೆ ಗೊತ್ತಾ? ಪಾಠ ಹೇಳುವ ಮೇಷ್ಟರ ಹಾಗೆ.

‘ಕೊನೆಗೆ’ ಎಂದ ಅವನು. ಆಮೇಲೆ ನಕ್ಕ. ನನ್ನ ಭುಜ ತಟ್ಟಿದ. ‘ಸಾಕು ಮಾವ, ಸುಸ್ತಾಗಿದೀರಿ. ಏಳಬೇಡಿ, ನಾನೇ ನೀರು ತರ್ತೀನಿ’ ಎಂದು, ಹೆಗಲ ಚೀಲವನ್ನೂ ಇಳಿಸದೆ ಹಿಂದಿನ ಕೋಣೆಗೆ ಹೋದ. ಒಂದು ಲೋಟ ನೀರು ತರಲು ಅಷ್ಟು ಹೊತ್ತು ಬೇಕೆ ಎಂದು ನನಗೆ ಆಗಲೂ ಹೊಳೆಯಲಿಲ್ಲ. ನೀರು ಕುಡಿಸಿ, ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ.

ನಿನ್ನ ಕಾಗದ ಓದಿದ ಮೇಲೆ ಹಿಂದಿನ ಕೋಣೆಗೆ ಓಡಿದೆ. ಡಬ್ಬಿ ಇಲ್ಲ. ನೀನು ಸುಡು ಎಂದಿದ್ದ ಡಬ್ಬಿ. ಅದರೊಳಗೆ ನಿನ್ನ ಹತ್ತಿ ಇತ್ತು, ನೀನೇ ಕೈಯಾರೆ ಮಡಿಸಿ ಇಟ್ಟಿದ್ದ ಹತ್ತಿ. ಸುಡಲು ಮನಸ್ಸು ಬರಲಿಲ್ಲ.

ಲ್ಯಾಬಿನ ಫೋನ್ ನಂಬರು ಆ ಚೀಟಿಯ ಮೇಲೆಯೇ ಇತ್ತು, ನನ್ನಲ್ಲಿ ಬೇರೆಲ್ಲೂ ಬರೆದಿಟ್ಟಿಲ್ಲ. ಈಗಲೇ ರೈಲು ಹತ್ತಿ ಬಂದುಬಿಡೋಣ ಎಂದುಕೊಂಡೆ. ಆದರೆ ಅವನು ಇಲ್ಲೇ ಎಲ್ಲೋ ನಿಂತು, ನಾನು ಹೊರಡುವುದನ್ನೇ ಕಾಯುತ್ತಿದ್ದರೆ? ಅವನನ್ನು ನಾನೇ ಕೈಹಿಡಿದು ಕರೆತಂದ ಹಾಗಾಗುತ್ತದೆ. ಅದಕ್ಕೇ ಇದನ್ನು ಕೊರಿಯರ್‌ಗೆ ಕೊಟ್ಟು, ದೇವರ ಮೇಲೆ ಭಾರ ಹಾಕಿ ಕೂತಿದ್ದೇನೆ.

ಎಲ್ಲಿಗೆ ಹೋದೆ ಎಂದು ನನಗೂ ಬರೆಯಬೇಡ. ಬದುಕಿದ್ದೇನೆ ಎಂದಷ್ಟೇ ಬರೆ.

ಅಪ್ಪ

*

ಮಾರ್ಚ್ 11

ಅಪ್ಪ,

ಬದುಕಿದ್ದೇನೆ. ಕೈ ಎರಡೂ ಇವೆ. ಇಷ್ಟು ದಿನ ಬರೆಯದಿದ್ದಕ್ಕೆ ಕ್ಷಮಿಸು.

ನಿನ್ನ ಕಾಗದ ಶನಿವಾರ ಲ್ಯಾಬಿನಲ್ಲಿ ಸಿಕ್ಕಿತು, ಓದಿದವಳೇ ಕೋಣೆಗೆ ಓಡಿದೆ. ಚೀಲ ತುಂಬಲು ಹತ್ತು ನಿಮಿಷವೂ ಬೇಕಾಗಲಿಲ್ಲ, ಅಭ್ಯಾಸವಾಗಿದೆ. ಹೇಳಿಹೋಗೋಣ ಎಂದು ಲ್ಯಾಬಿಗೆ ವಾಪಸು ಹೋದೆ. ಯಜಮಾನಮ್ಮ ಹಲ್ಲಿನ ಅಚ್ಚೊಂದನ್ನು ಉಜ್ಜುತ್ತ ಕೂತಿದ್ದರು. ‘ಯಾಕೆ ಹೋಗ್ತಿದೀಯ?’ ಎಂದು ಕೇಳಿದರು. ಊರಲ್ಲಿ ಹುಷಾರಿಲ್ಲ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ. ಬೀಗ, ಬೀರು, ಕುದುರೆ, ನೀನು, ಡಬ್ಬಿ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಪ್ಲಾಸ್ಟರ್ ಕಲಸುವ ಅಣ್ಣ ಕೈಯಲ್ಲಿದ್ದ ಬಟ್ಟಲು ಹಿಡಿದು ಹಾಗೇ ನಿಂತಿದ್ದ. ಪ್ಲಾಸ್ಟರು ಬಟ್ಟಲಲ್ಲೇ ಗಟ್ಟಿಯಾಯಿತು.

ಯಜಮಾನಮ್ಮ ನನ್ನ ಚೀಲವನ್ನು ಎತ್ತಿ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಸದ್ದಿಗೆ ನಾನು ಬಾಗಿಲ ಕಡೆ ಸರಿದೆ. ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟರು. ‘ಹೋಗೋದಾದ್ರೆ ತೆಗ್ದುಕೊಂಡು ಹೋಗು. ಆದ್ರೆ ಅವನು ಬರೋದೇ ಆದ್ರೆ ಇಲ್ಲಿಗೇ ಬರ್ಲಿ. ಅಲ್ಲೆಲ್ಲೋ ಒಂಟಿ ಕೋಣೆಗೆ ಬರೋದಕ್ಕಿಂತ ನಾಲ್ಕು ಜನ ಇರೋ ಕಡೆ ಬರ್ಲಿ’ ಎಂದರು. ಅವತ್ತೇ ಪೊಲೀಸ್ ಠಾಣೆಗೆ ಕರೆದುಕೊಂಡು ಹೋಗಿ ದೂರು ಬರೆಸಿದರು. ಅವರ ಮನೆಯಲ್ಲೇ ಮಲಗಿದೆ. ನಿದ್ದೆ ಮಾಡಿದೆ ಎಂದು ಹೇಳಲಾರೆ.

ಬುಧವಾರ ಬಂದ. ಬೆಳಗ್ಗೆ ಹನ್ನೊಂದು ಗಂಟೆ, ಬೀದಿ ತುಂಬ ಜನ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನಮ್ಮ ಡಬ್ಬಿ. ಯಜಮಾನಮ್ಮನಿಗೆ ಕೈಮುಗಿದು ‘ನನ್ನ ಹೆಂಡತಿ ಇಲ್ಲಿ ಕೆಲಸ ಮಾಡ್ತಾಳೆ. ಅವಳಿಗೆ ಸ್ವಲ್ಪ ತಲೆ ಸರಿಯಿಲ್ಲ, ಕರ್ಕೊಂಡು ಹೋಗೋಣ ಅಂತ ಬಂದೆ’ ಎಂದ. ಎಷ್ಟು ಸಭ್ಯನಾಗಿ ಹೇಳಿದನೆಂದರೆ, ಒಂದು ಗಳಿಗೆ ನನಗೇ ಅನುಮಾನ ಬಂತು. ನಾನು ಯಾರದೋ ಬಾಚಿಹಲ್ಲಿಗೆ ಬಣ್ಣ ಹಚ್ಚುತ್ತಿದ್ದೆ. ಎದ್ದು ನಿಂತೆ. ಕಾಲುಗಳು ತಾವಾಗಿ ಅವನ ಕಡೆ ಎರಡು ಹೆಜ್ಜೆ ಇಟ್ಟವು ಅಪ್ಪ, ಕರೆದರೆ ಹೋಗಿ ರೂಢಿಯಾದ ಕಾಲುಗಳು. ಅವನು ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ, ‘ಬಾ. ಹೊಸ ಬೀರು ಖಾಲಿಯಿದೆ’ ಎಂದ.

ಕಿರುಚಿದೆ. ಆ ಮನೆಯಲ್ಲಿ ಎರಡು ವರ್ಷದಲ್ಲಿ ಒಂದು ಸಲವೂ ಕಿರುಚಿರಲಿಲ್ಲ, ಅಕ್ಕಪಕ್ಕದವರಿಗೆ ಕೇಳಿಸಿದರೆ ಮರ್ಯಾದೆ ಹೋಗುತ್ತದೆಂದು ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಈಗ ಕೇಳಿಸಲಿ ಎಂದೇ ಕಿರುಚಿದೆ. ನಿಲ್ಲಿಸಲು ಆಗಲಿಲ್ಲ. ಪ್ಲಾಸ್ಟರ್ ಅಣ್ಣ ಹೋಗಿ ಬಾಗಿಲಿಗೆ ಅಡ್ಡ ನಿಂತ. ಎದುರಿನ ಸೈಕಲ್ ಅಂಗಡಿಯವರು, ಬೇಕರಿಯವರು, ಹಲ್ಲು ನೋವಿಗೆ ಕೆನ್ನೆ ಹಿಡಿದುಕೊಂಡಿದ್ದ ಒಬ್ಬರು, ಎಲ್ಲ ಸೇರಿಬಿಟ್ಟರು. ಅವನು ನಗುತ್ತ ಎಲ್ಲರಿಗೂ ಸಮಾಧಾನ ಹೇಳುತ್ತಲೇ ಇದ್ದ. ಪೊಲೀಸರು ಬಂದಾಗಲೂ.

ಅವತ್ತು ಸಂಜೆಯೇ ಬಿಟ್ಟುಕಳಿಸಿದ್ದಾರೆ. ನನ್ನ ಹತ್ತಿರ ಸುಳಿಯಬಾರದೆಂದು ಬರೆಸಿಕೊಂಡಿದ್ದಾರಂತೆ. ಅಂಥ ಕಾಗದ ಅವನನ್ನು ಎಷ್ಟು ತಡೆಯುತ್ತದೋ ಕಾಣೆ. ಭಯ ಹೋಗಿಲ್ಲ. ಬೀದಿಗೆ ಇಳಿದರೆ ಈಗಲೂ ಹಿಂದೆ ತಿರುಗಿ ನೋಡುತ್ತೇನೆ.

ಕೋರ್ಟಿಗೆ ಇಪ್ಪತ್ತೇಳನೇ ತಾರೀಖು, ಹತ್ತೂವರೆಗೆ ಕರೆದಿದ್ದಾರೆ. ಯಜಮಾನಮ್ಮ ಗೊತ್ತುಮಾಡಿದ ವಕೀಲರು ಕೇಳಿದರು: ‘ಆ ಎರಡು ವರ್ಷದಲ್ಲಿ ನಿಮ್ಮನ್ನ ಹೊರಗಿನವರು ಯಾರಾದ್ರೂ ನೋಡಿದ್ರಾ?’ ಒಂದೇ ಒಂದು ಸಲ, ಹೊಸ ಸವಾರರನ್ನು ಆರಿಸಲು ಅಪ್ಪನ ಅಂಗಡಿಗೆ ಕರೆದುಕೊಂಡು ಬಂದಿದ್ದ, ಎಂದೆ. ‘ಹಾಗಾದ್ರೆ ನಿಮ್ಮ ತಂದೆಗೆ ಗೊತ್ತಿತ್ತಾ?’ ಎಂದರು.

ಅಪ್ಪನನ್ನೇ ಕೇಳಿ ಹೇಳುತ್ತೇನೆ ಎಂದೆ. ಮೂರು ವರ್ಷದಿಂದ ಕಾಗದ ಬರೆಯುತ್ತಿದ್ದೇನೆ, ನಿನ್ನನ್ನು ಇದೊಂದು ಮಾತ್ರ ಕೇಳಿಲ್ಲ. ಗೊತ್ತಿತ್ತಾ ಅಪ್ಪ?

ಗುಬ್ಬಿ

*

ಮಾರ್ಚ್ 20

ಗುಬ್ಬಿ,

ಗೊತ್ತಿತ್ತು.

ಅವತ್ತು ನಿನ್ನ ಎಡಗೈಯ ಎರಡು ಬೆರಳಿಗೆ ಐಸ್‌ಕ್ರೀಮಿನ ಕಡ್ಡಿ ಇಟ್ಟು ಬಟ್ಟೆ ಸುತ್ತಿತ್ತು. ಆಸ್ಪತ್ರೆಯಲ್ಲಿ ಕಟ್ಟಿಸಿದ್ದಲ್ಲ. ‘ಡ್ರಾಯರಿಗೆ ಸಿಕ್ಕಿಕೊಳ್ತು’ ಎಂದೆ ನೀನು. ಡ್ರಾಯರಿಗೆ ಸಿಕ್ಕಿದ ಬೆರಳು ಹೇಗಿರುತ್ತದೆಂದು ನನಗೆ ಗೊತ್ತಿಲ್ಲವೇ? ಜೀವಮಾನವೆಲ್ಲ ಕೈಗಳನ್ನೇ ನೋಡಿ ಬದುಕಿದವನು ನಾನು. ಅವನು ಕಾರು ತಿರುಗಿಸಲು ಹೊರಗೆ ಹೋದ. ಎರಡು ನಿಮಿಷ ನಾವಿಬ್ಬರೇ ಇದ್ದೆವು. ನೀನು ನನ್ನ ಮುಖ ನೋಡಿದೆ. ಬಾಯಿ ಬಿಟ್ಟು ಏನೂ ಕೇಳಲಿಲ್ಲ. ನಾನು ‘ಹೊಸ ಅಚ್ಚು ಬಂದಿದೆ, ನೋಡ್ತೀಯಾ?’ ಎಂದೆ.

ಇಷ್ಟು ಮಾತಾಡುವ ಬಾಯಿ ನನ್ನದು. ಆ ಎರಡು ನಿಮಿಷ ಅದಕ್ಕೆ ಸಿಕ್ಕಿದ್ದು ಅಷ್ಟೇ.

ಅವನು ಹಾರನ್ ಮಾಡಿದ. ನಾನೇ ನಿನ್ನನ್ನು ಕಾರಿನವರೆಗೆ ಕರೆದುಕೊಂಡು ಹೋದೆ. ಬಾಗಿಲು ತೆಗೆದವನೂ ನಾನೇ. ನಿನ್ನ ಬಟ್ಟೆಯ ಅಂಚು ಬಾಗಿಲಿಗೆ ಸಿಕ್ಕೀತೆಂದು ಜೋಪಾನವಾಗಿ ಒಳಗೆ ಸರಿಸಿ, ಬಾಗಿಲು ಮುಚ್ಚಿದೆ. ಅವನಿಗೆ ಹೆದರಿದ್ದೆ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಇದನ್ನೇ ವಕೀಲರಿಗೂ ಬರೆದಿದ್ದೇನೆ. ಇದನ್ನೇ ಅವನ ಎದುರಿಗೆ ನಿಂತು ಹೇಳುತ್ತೇನೆ. ಅವನ ಭಯ ಈಗಲೂ ಇದೆ. ಅದಕ್ಕಿಂತ ಹೆಚ್ಚಿನ ಭಯ, ಹೇಳುವಾಗ ನೀನೂ ಅಲ್ಲೇ ಕೂತಿರುತ್ತೀಯಲ್ಲ, ಅದರದು. ನೀನು ನನ್ನ ಕಡೆ ನೋಡಲೇಬೇಕೆಂದಿಲ್ಲ.

ಹತ್ತೂವರೆ ಎಂದಿದ್ದೀಯ. ನಾನು ಎಂಟು ಗಂಟೆಗೇ ಬಂದು ಕೋರ್ಟಿನ ಮೆಟ್ಟಿಲ ಹತ್ತಿರ ನಿಂತಿರುತ್ತೇನೆ.

ಅಪ್ಪ